ಮೂರನೆಯ ಸಲ ಕೇಳಲಿಲ್ಲ

ಅವತ್ತು ಗುರುವಾರ. ಪಂಚಮಿ ಹಬ್ಬ ಮುಗಿದು ನಾಲ್ಕು ದಿನವಾಗಿತ್ತು. ಹಬ್ಬಕ್ಕೆಂದು ಹುಬ್ಬಳ್ಳಿಗೆ ಬಂದಿದ್ದ ಮಗಳು ಸುಶೀಲಾ ಮಧ್ಯಾಹ್ನದ ಗಾಡಿಗೆ ಧಾರವಾಡಕ್ಕೆ, ಅತ್ತೆಯ ಮನೆಗೆ, ಹೊರಟಿದ್ದಳು. ಹಿತ್ತಲ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯ ಹಗ್ಗವನ್ನು ಇನ್ನೂ ಬಿಚ್ಚಿರಲಿಲ್ಲ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಡಬ್ಬಿಗೆ ಉಂಡಿ ತುಂಬುತ್ತಿದ್ದಳು. ಶೇಂಗಾ ಉಂಡಿ ತಳಕ್ಕೆ, ಎಳ್ಳುಂಡಿ ನಡುವೆ, ಬೇಸನ್ ಉಂಡಿ ಎಲ್ಲಕ್ಕಿಂತ ಮೇಲೆ. ಬೀಗತಿ ಡಬ್ಬಿ ತೆರೆದ ಕೂಡಲೇ ಬೇಸನ್ ಉಂಡಿಯೇ ಕಣ್ಣಿಗೆ ಬೀಳಬೇಕು.

"ಅವ್ವಾ, ಸಾಕ ಬಿಡು. ಆ ಮನ್ಯಾಗ ಇರೋರು ನಾಕ ಮಂದಿ. ಇಷ್ಟೆಲ್ಲಾ ಯಾರು ತಿನ್ನೋರು?" ಎಂದಳು ಸುಶೀಲಾ.

"ತಿನ್ನಲಿ ಬಿಡಲಿ, ಡಬ್ಬಿ ಅರ್ಧಾ ಇತ್ತು ಅನಿಸ್ಕೋಬಾರದು."

ಅನಿಸಿಕೊಳ್ಳಬಾರದು. ನಮ್ಮ ಮನೆಗಳು ನಿಂತಿರುವುದೇ ಈ ಮಾತಿನ ಮೇಲೆ. ಕಲ್ಲು, ಮಣ್ಣು, ತೊಲೆ ಎಲ್ಲ ಆಮೇಲಿನವು. ಆದರೆ ಅಂದು ನನಗೆ ಇಂಥದೇನೂ ಹೊಳೆಯಲಿಲ್ಲ. ನಗುತ್ತ ಒಂದು ಎಳ್ಳುಂಡಿ ಬಾಯಿಗೆ ಹಾಕಿಕೊಂಡು ಟಾಂಗಾ ತರಲು ಹೋದೆ.

ಸ್ಟೇಶನ್ನಿಗೆ ಹೋಗುವಾಗ ಜಿಟಿಜಿಟಿ ಮಳೆ. ಟಾಂಗಾದ ಪರದೆ ಇಳಿಬಿಟ್ಟು ಸುಶೀಲಾ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅವಳು ನನ್ನನ್ನು ಕಾಕಾ ಎಂದು ಕರೆಯುತ್ತಿದ್ದಳು. ತಂದೆಗೆ ಕಾಕಾ ಎನ್ನುವುದು ನಮ್ಮ ಕಡೆ ಅಪರೂಪವಲ್ಲ. ಅಣ್ಣನ ಮಕ್ಕಳು ಕರೆಯುವುದನ್ನು ಕೇಳಿ ನನ್ನ ಮಕ್ಕಳೂ ಹಾಗೇ ಕರೆದರು. ತಿದ್ದಲು ಯಾರಿಗೂ ಪುರುಸೊತ್ತಿರಲಿಲ್ಲ.

"ಕಾಕಾ, ಈಗ ಬಾಟ್ಲಿ ಪಟ್ಟಿ ಯಾರು ಕತ್ತರಸ್ತಾರ?"

"ನಮ್ಮ ಕಂಪೌಂಡರ್ ಗುರುಸಿದ್ದಪ್ಪ."

"ಅವನ ಕೈಯಾಗ ಆರು ಡೋಸಿನ ಬಾಟ್ಲಿ ಐದ ಡೋಸ್ ಆಗ್ತದ ನೋಡ್ರಿ. ಪೇಶಂಟ್ ಐದ ಹೊತ್ತಿಗೆ ಆರಾಮ ಆದ್ರ ಛಲೋನ ಆತು."

ಬಾಟಲಿಯ ಪಟ್ಟಿ ಎಂದರೆ ನೀವು ಕಂಡೇ ಇರುತ್ತೀರಿ. ದವಾಖಾನೆಯಿಂದ ತಂದ ಔಷಧದ ಬಾಟಲಿಯ ಮೈಗೆ ಉದ್ದಕ್ಕೆ ಅಂಟಿಸಿದ ಬಿಳಿ ಕಾಗದ, ಅದರ ಅಂಚಿಗೆ ಕತ್ತರಿಯ ಕಚ್ಚು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ಹೊತ್ತಿನ ಔಷಧ. ಸುಶೀಲಾ ಚಿಕ್ಕವಳಿದ್ದಾಗ ಸಾಲೆ ಬಿಟ್ಟ ಮೇಲೆ ನನ್ನ ದವಾಖಾನೆಗೆ ಬಂದು ಈ ಪಟ್ಟಿಗಳನ್ನು ಕತ್ತರಿಸುತ್ತಿದ್ದಳು. ಕಾಗದವನ್ನು ಸರಿಯಾಗಿ ಮಡಚಿ, ನಾಲಿಗೆಯ ತುದಿ ಹೊರಗೆ ಹಾಕಿ ಒಂದೊಂದೇ ಕಚ್ಚು ಹಾಕುವಳು. ಒಂದು ಕಚ್ಚು ಕೂಡ ಸೊಟ್ಟ ಬೀಳುತ್ತಿರಲಿಲ್ಲ. ನಾನು ಕತ್ತರಿಸಿದರೆ ಮಾತ್ರ ಇಲಿ ಕಡಿದ ಹಾಗೆ ಕಾಣುತ್ತಿತ್ತು.

ಗಾಡಿ ಬಂತು. ಹೆಂಗಸರ ಡಬ್ಬಿಯಲ್ಲಿ ಕೂಡಿಸಿದೆ. "ನವಲೂರ ಪೇರಲಹಣ್ಣು ಕಿಡಕಿಯಾಗ ಮಾರಲಿಕ್ಕೆ ಬಂದ್ರ ತಗೋಬ್ಯಾಡ, ಮಳಿಗಾಲ" ಎಂದೆ. "ಹೂಂ ಡಾಕ್ಟರ್ ಸಾಹೇಬ್ರ" ಎಂದು ನಕ್ಕಳು. ಗಾಡಿ ಹೋಯಿತು. ದವಾಖಾನೆಗೆ ಮರಳಿ ಇಪ್ಪತ್ತು ಮಂದಿಯನ್ನು ನೋಡಿ, ಮನೆಗೆ ಬಂದು ಊಟಮಾಡಿ ಮಲಗಿದೆ. ಅಂಥ ದಿನ ಆಮೇಲೆ ಮತ್ತೆ ಬರಲಿಲ್ಲ.

ನಾನು ದೊಡ್ಡ ಪದವಿಯ ಡಾಕ್ಟರನಲ್ಲ. ನಾಲ್ಕು ವರ್ಷದ ಮೆಡಿಕಲ್ ಸಾಲೆ ಓದಿ, ಲೈಸೆನ್ಸು ತೆಗೆದುಕೊಂಡು, ಹಳೇಹುಬ್ಬಳ್ಳಿಯ ಒಂದು ಓಣಿಯಲ್ಲಿ ಬೋರ್ಡು ಹಾಕಿದವನು. ಗಿರಣಿಯವರು, ರೇಲ್ವೆಯವರು, ಸುತ್ತಲಿನ ಹಳ್ಳಿಯವರು ಬರುತ್ತಿದ್ದರು. ನನ್ನಂಥವರಿಗೆ ಮನೆ ಡಾಕ್ಟರು ಎನ್ನುತ್ತಾರೆ. ಮನೆ ಡಾಕ್ಟರನಿಗೆ ಹೊಟ್ಟೆಯೊಳಗಿನ ರೋಗ ತಿಳಿಯದಿದ್ದರೂ ಮನೆಯೊಳಗಿನ ಗುಟ್ಟು ತಿಳಿದಿರುತ್ತದೆ. ಯಾವ ಮನೆಯಲ್ಲಿ ಸೊಸೆಗೆ ಹಾಲು ಕೊಡುವುದಿಲ್ಲ, ಯಾವ ಮನೆಯ ಹಿರಿಯರು ಕದ್ದು ಬ್ರಾಂದಿ ಕುಡಿಯುತ್ತಾರೆ ಎಲ್ಲ ಗೊತ್ತು. ಅದಕ್ಕೇ ಮದುವೆ ಕೂಡಿಸಲೂ ಅವನನ್ನೇ ಕೇಳುತ್ತಾರೆ. ಸುಶೀಲಾಳ ಮದುವೆ ಕೂಡಿಸಿದವರೂ ಒಬ್ಬ ಮನೆ ಡಾಕ್ಟರರೇ. ಧಾರವಾಡದ ಭೀಮರಾಯರು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ನಾನು ಹೊಸದಾಗಿ ಬೋರ್ಡು ಹಾಕಿದಾಗ, "ಹುಡುಗ ಛಲೋ ಇದ್ದಾನ" ಎಂದು ನಾಲ್ಕು ಮನೆಗೆ ಹೇಳಿ ಕಳಿಸಿದವರು. ನನ್ನ ಬೀಗರಾದ ವೆಂಕಟರಾಯರ ಮನೆಗೆ ಮೂವತ್ತು ವರ್ಷದಿಂದ ಅವರೇ ಡಾಕ್ಟರು.

ಡಾಕ್ಟರರಲ್ಲಿ ಒಂದು ಕಟ್ಟಳೆ ಇದೆ. ಇನ್ನೊಬ್ಬರು ನೋಡುತ್ತಿರುವ ರೋಗಿಗೆ, ಅವರು ಕರೆಯದೆ, ಕೈಹಚ್ಚಬಾರದು. ಕಟ್ಟಳೆ ಕೆಟ್ಟದ್ದೇನೂ ಅಲ್ಲ. ಇಲ್ಲದಿದ್ದರೆ ಒಬ್ಬ ಕೊಟ್ಟ ಔಷಧವನ್ನು ಇನ್ನೊಬ್ಬ ಮೋರಿಗೆ ಸುರಿಯುತ್ತ ಕೂಡಬೇಕಾದೀತು. ಇದಲ್ಲದೆ ಧಾರವಾಡದವರ ಇನ್ನೊಂದು ಕಟ್ಟಳೆ ಇದೆ. ಅದು ಎಲ್ಲೂ ಅಚ್ಚಾಗಿಲ್ಲ. ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲವೂ ಬೇಡ ಎನ್ನಬೇಕು. ಮೂರನೆಯ ಸಲ ಕೇಳಿದಾಗ, "ನೀವು ಇಷ್ಟ ಹೇಳ್ತೀರಿ ಅಂದ ಮ್ಯಾಲ" ಎಂದು ತೆಗೆದುಕೊಳ್ಳಬೇಕು. ಮೊದಲ ಸಲಕ್ಕೇ ಹೂಂ ಎಂದವನು ಹಳ್ಳಿಗ. ಮೂರನೆಯ ಸಲಕ್ಕೂ ಬೇಡ ಎಂದವನು ಸೊಕ್ಕಿನವನು. ನಾನು ಹಳ್ಳಿಗನೂ ಅಲ್ಲ, ಸೊಕ್ಕಿನವನೂ ಅಲ್ಲ. ಶಾಣ್ಯಾ ಮನುಷ್ಯ ಎಂದು ಎರಡೂ ಊರಲ್ಲಿ ಹೆಸರಿತ್ತು. ಆ ಹೆಸರಿಗೆ ಬೆಂಕಿ ಹಚ್ಚಬೇಕು.

ರವಿವಾರ ಮಧ್ಯಾಹ್ನ ಧಾರವಾಡದಿಂದ ಬಂದ ಒಬ್ಬರು ದವಾಖಾನೆಗೆ ಬಂದು ಬೀಗರ ಮಾತು ಮುಟ್ಟಿಸಿದರು. "ನಿಮ್ಮ ಮಗಳಿಗೆ ನಿನ್ನೆ ರಾತ್ರಿಯಿಂದ ಹೊಟ್ಟಿನೋವಂತ. ಎರಡ ಸಲ ವಾಂತಿ ಆಗೇದಂತ. ಭೀಮರಾಯರು ನೋಡ್ಲಿಕ್ಕೆ ಹತ್ಯಾರ, ಗಾಬರಿ ಆಗಬ್ಯಾಡ್ರಿ ಅಂತ ಹೇಳ್ಯಾರ."

ಮನೆಗೆ ಬಂದು ಹೇಳಿದೆ. ಹೆಂಡತಿ ನನ್ನ ಬ್ಯಾಗು ತಂದು ಕಟ್ಟೆಯ ಮೇಲೆ ಇಟ್ಟಳು. ಅಂದು ಅವಳು ಹೊರಗಾಗಿ ಮೂಲೆಯಲ್ಲಿ ಕೂತಿದ್ದಳು. ಬೀಗರ ಮನೆಗೆ ಬರುವಂತಿರಲಿಲ್ಲ. ಬ್ಯಾಗು ಮುಟ್ಟುವಂತೆಯೂ ಇರಲಿಲ್ಲ, ಆದರೂ ಮುಟ್ಟಿ ತಂದಳು.

"ಬ್ಯಾಗ ಬ್ಯಾಡ," ಎಂದೆ.

"ಯಾಕ?"

"ಬ್ಯಾಗ ಹಿಡಕೊಂಡು ಹೋದ್ರ ಭೀಮರಾಯರ ಮ್ಯಾಲ ಭರೋಸಾ ಇಲ್ಲ ಅಂಧಂಗ ಆಗ್ತದ. ಬೀಗರು ಏನ ತಿಳ್ಕೋತಾರ?"

"ಏನರ ತಿಳ್ಕೊಳ್ಳಿ. ನೀವು ಹೋಗೋದು ಯಾಕ ಮತ್ತ?"

"ನೀ ಸುಮ್ಮನಿರು. ಇವೆಲ್ಲಾ ನಿನಗ ತಿಳಿಯೂದಿಲ್ಲ."

ಬ್ಯಾಗು ಬಿಟ್ಟು, ಪೇಟೆಯಲ್ಲಿ ಒಂದು ಡಜನ್ ಮೋಸಂಬಿ ಕೊಂಡು, ಚೀಲ ಹಿಡಿದು ಗಾಡಿ ಹತ್ತಿದೆ. ಹೊಟ್ಟೆನೋವಿನ ರೋಗಿಯ ಹತ್ತಿರ ಮೋಸಂಬಿ ಹಿಡಿದು ಹೋದ ಡಾಕ್ಟರನನ್ನು ನೀವು ಬೇರೆಲ್ಲಾದರೂ ಕಂಡಿದ್ದರೆ ನನಗೆ ತಿಳಿಸಿ.

ಬೀಗರು ಬಾಗಿಲಿಗೇ ಬಂದರು. ವೆಂಕಟರಾಯರು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಗುನಗುತ್ತಲೇ ಚುಚ್ಚುವ ಅಭ್ಯಾಸ.

"ಬರ್ರಿ ಬರ್ರಿ, ಡಾಕ್ಟರ್ ಸಾಹೇಬ್ರ! ಇಷ್ಟಕ್ಕ ಓಡಿ ಬಂದ್ರೇನು? ನಮ್ಮ ಮನ್ಯಾಗ ನಿಮ್ಮ ಮಗಳನ್ನ ನೋಡ್ಕೊಳ್ಳೋರು ಇಲ್ಲಂತ ತಿಳಿದ್ರೋ ಏನೋ!"

"ಛೆ ಛೆ, ಎಂಥಾ ಮಾತು ರಾಯರ. ಈ ಕಡೆ ಬ್ಯಾರೆ ಕೆಲಸಿತ್ತು, ಹಂಗ ಹಣಿಕಿ ಹಾಕಿ ಹೋಗೋಣಂತ ಬಂದೆ."

ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಲೋಡಿಗೆ ಒರಗಿಸಿ ಕೂಡಿಸಿದರು. ಅಳಿಯ ಊರಲ್ಲಿರಲಿಲ್ಲ, ಸಾಲೆಯ ಕೆಲಸದ ಮೇಲೆ ಬೆಳಗಾವಿಗೆ ಹೋಗಿದ್ದ. ಮಳೆಯ ಮಾತಾಯಿತು. ಹತ್ತಿಯ ಧಾರಣೆಯ ಮಾತಾಯಿತು. ಅವಲಕ್ಕಿ ಬಂತು. ಬೇಡ ಎಂದೆ. ಮತ್ತೆ ಬೇಡ ಎಂದೆ. ಮೂರನೆಯ ಸಲ ತೆಗೆದುಕೊಂಡೆ. ಒಳಗಿನ ಕೋಣೆಯಲ್ಲಿ ನನ್ನ ಮಗಳು ನೋವಿನಲ್ಲಿ ಮಲಗಿದ್ದಳು. ಹೊರಗೆ ನಾನು ಅವಲಕ್ಕಿ ತಿನ್ನುತ್ತಿದ್ದೆ. ಇದನ್ನು ಬರೆಯಲು ನನಗೆ ಏಳು ವರ್ಷ ಹಿಡಿಯಿತು.

ಚಹಾ ಕುಡಿದ ಮೇಲೆ ಬೀಗತಿ ಒಳಗೆ ಕರೆದರು. ಬಾಗಿಲಲ್ಲಿ ನಿಂತೆ. ಸುಶೀಲಾ ಕೌದಿ ಹೊದ್ದು ಮಲಗಿದ್ದಳು. ಎಡಗಾಲು ಚಾಚಿತ್ತು. ಬಲಗಾಲನ್ನು ಮೊಳಕಾಲ ಹತ್ತಿರ ಮಡಚಿ ಮೇಲೆತ್ತಿದ್ದಳು. ಕೌದಿ ಅಲ್ಲಿ ಗುಡಾರದಂತೆ ಎದ್ದಿತ್ತು. ಹೊಟ್ಟೆಯ ಬಲಗಡೆಗೆ ಕೆಳಗೆ ಬೆರಳಿನಷ್ಟು ಕರುಳು ಬಾತಾಗ ಮನುಷ್ಯ ಹಾಗೆ ಮಲಗುತ್ತಾನೆ. ಕಾಲು ಚಾಚಿದರೆ ನೋವು ಹೆಚ್ಚಾಗುತ್ತದೆ. ಇದು ಮೆಡಿಕಲ್ ಸಾಲೆಯ ಎರಡನೆಯ ವರ್ಷದ ಪಾಠ. ನನಗೆ ಬಾಯಿಪಾಠ ಬರುತ್ತಿತ್ತು.

"ಹ್ಯಾಂಗದ ಸುಶೀ?"

"ಆರಾಮ ಅದ ಕಾಕಾ. ನೀವ್ಯಾಕ ಸುಮ್ಮನ ಬರಲಿಕ್ಕೆ ಹೋದ್ರಿ?"

"ನೋವು ಎಲ್ಲದ?"

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಉತ್ತರ ಕೊಟ್ಟರು. "ಹೊಟ್ಟಿ ತುಂಬಾ ಅಂತಾಳ್ರಿ. ಖರೇ ಹೇಳ್ತೀನಿ, ನಿನ್ನೆಯಿಂದ ಒಮ್ಮೆನೂ ನರಳಿಲ್ಲ ನಿಮ್ಮ ಮಗಳು. ಭಾಳ ಗಟ್ಟಿ."

ನನಗೆ ಹೆಮ್ಮೆಯಾಯಿತು. ಹೌದು, ಹೆಮ್ಮೆ. ಅತ್ತೆಯ ಮನೆಯಲ್ಲಿ ಸೊಲ್ಲೆತ್ತದ ಮಗಳನ್ನು ಬೆಳೆಸಿದ್ದೇನೆ ಎಂದು. ನರಳಬೇಡ, ಕೇಳಿದವರಿಗೆ ಆರಾಮ ಇದ್ದೇನೆ ಎನ್ನಬೇಕು ಎಂದು ಹೇಳಿಕೊಟ್ಟವರು ನಾವೇ. ದವಾಖಾನೆಗೆ ಬರುವ ಗಿರಣಿಯ ಹೆಂಗಸರು ಓಣಿಗೆಲ್ಲ ಕೇಳುವ ಹಾಗೆ ಬೊಬ್ಬೆ ಹಾಕುತ್ತಾರೆ. "ಯಪ್ಪಾ, ಸತ್ತೆನೋ, ಇಲ್ಲೇ ನೋಡು, ಇಲ್ಲೇ ಐತಿ" ಎಂದು ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಅವರು ಬದುಕುತ್ತಾರೆ.

ಮುಂದೆ ಹೋಗಿ ನಾಲ್ಕು ಬೆರಳು ಇಡಬೇಕಿತ್ತು. ಕೌದಿಯ ಮೇಲಿಂದಲೇ ಇಟ್ಟಿದ್ದರೂ ಸಾಕಿತ್ತು. ಬಾಗಿಲಿನಿಂದ ಹಾಸಿಗೆಗೆ ಮೂರು ಹೆಜ್ಜೆ. ಬೆಳೆದ ಮಗಳ ಹೊಟ್ಟೆ, ಅದೂ ಬೀಗತಿಯ ಮುಂದೆ, ಅದೂ ಇನ್ನೊಬ್ಬ ಡಾಕ್ಟರರ ರೋಗಿ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತೆ.

ಅಷ್ಟರಲ್ಲಿ ಭೀಮರಾಯರು ಬಂದರು. ಸಂಜೆಯ ಸುತ್ತಿನಲ್ಲಿ ಅವರು ತಪ್ಪದೆ ಬರುವವರು. ಪಡಸಾಲೆಯಲ್ಲಿ ನನ್ನನ್ನು ಕಂಡು ಕೊಡೆ ಮೂಲೆಗಿಟ್ಟು ಎರಡೂ ಕೈ ಚಾಚಿದರು.

"ಓಹೋ ಗೋವಿಂದರಾವ್! ಹುಬ್ಬಳ್ಳಿ ಡಾಕ್ಟರು ಧಾರವಾಡದಾಗ? ನಮ್ಮ ಹೊಟ್ಟಿ ಮ್ಯಾಲ ಕಲ್ಲ ಹಾಕಲಿಕ್ಕೆ ಬಂದ್ರೇನು?"

"ನಿಮ್ಮ ಮುಂದ ನಾವು ಯಾವ ಗಿಡದ ತಪ್ಪಲ್ರಿ," ಎಂದೆ.

"ಏನಿಲ್ಲ, ಪಂಚಮಿ ಉಂಡಿ. ತವರಮನಿ ಉಂಡಿ, ಹುಡುಗಿ ಹೊಟ್ಟಿ ಬಿರಿಯೂಹಂಗ ತಿಂದಾಳ. ತಪ್ಪು ನಿಮ್ಮದು, ಔಷಧ ನನ್ನದು!"

ವೆಂಕಟರಾಯರು ಲೋಡಿಗೆ ಒರಗಿ ಗಹಗಹಿಸಿ ನಕ್ಕರು. ಬಾಗಿಲ ಮರೆಯಲ್ಲಿ ಬೀಗತಿ ನಕ್ಕರು. ನಾನೂ ನಕ್ಕೆ. ಏಳು ವರ್ಷದಲ್ಲಿ ಎಷ್ಟೋ ಮಾತು ಮರೆತಿದ್ದೇನೆ. ನಾನು ನಕ್ಕದ್ದನ್ನು ಮಾತ್ರ ಮರೆತಿಲ್ಲ.

"ಮುಂಜಾನೆ ಹರಳೆಣ್ಣಿ ಕೊಟ್ಟೇನಿ," ಎಂದರು ಭೀಮರಾಯರು. "ಹೊಟ್ಟಿ ಸ್ವಚ್ಛ ಆತಂದ್ರ ಮುಗೀತು."

ಆ ವರ್ಷದ ಬೇಸಿಗೆಯಲ್ಲಿ ಅಮರಗೋಳದಿಂದ ಒಬ್ಬ ರೈತನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದಿದ್ದರು. ಇಂಥದೇ ನೋವು, ಹೀಗೇ ಮಡಚಿದ ಕಾಲು, ಮನೆಯವರು ಹರಳೆಣ್ಣೆ ಕುಡಿಸಿದ್ದರು. ಚಕ್ಕಡಿಯಲ್ಲೇ ಅವನ ಅಂಗಿ ಎತ್ತಿ ಹೊಟ್ಟೆ ಒತ್ತಿ ನೋಡಿದೆ. ಓಣಿಯಲ್ಲಿ ನಿಂತು ಅವರ ಮೇಲೆ ಹರಿಹಾಯ್ದೆ. "ಬುದ್ಧಿ ಐತೇನು ನಿಮಗ? ಇಂಥಾ ಹೊಟ್ಟಿಗೆ ಹರಳೆಣ್ಣಿ ಹಾಕೋದು ಅಂದ್ರ ಒಡೀರಿ ಅಂತ ಹೇಳಿಧಂಗ! ಈಗಿಂದೀಗ ದೊಡ್ಡ ದವಾಖಾನಿಗೆ ಹೋಗ್ರಿ, ಕೊಯ್ಯಿಸ್ರಿ!" ಅವರು ಬೆದರಿ ಹಾಗೇ ಚಕ್ಕಡಿ ತಿರುಗಿಸಿದರು. ಆ ಮನುಷ್ಯ ಬದುಕಿದ. ಇಂದಿಗೂ ಪೇಟೆಗೆ ಬಂದಾಗ ದವಾಖಾನೆಯ ಮುಂದೆ ನಿಂತು ಕೈಮುಗಿದು ಹೋಗುತ್ತಾನೆ. ಅವನನ್ನು ಕಂಡರೆ ನಾನು ಒಳಗೆ ಹೋಗಿಬಿಡುತ್ತೇನೆ.

ಹಳ್ಳಿಯ ರೈತನ ಮುಂದೆ ಅಷ್ಟು ದೊಡ್ಡ ದನಿ ಇದ್ದವನು ಬೀಗರ ಪಡಸಾಲೆಯಲ್ಲಿ ಏನೆಂದೆ ಗೊತ್ತೇ? "ಹೌದ್ರಿ, ಹರಳೆಣ್ಣಿ ಕೊಟ್ರ ಒಮ್ಮೊಮ್ಮೆ ಛಲೋ ಆಗ್ತದ" ಎಂದೆ.

ಭೀಮರಾಯರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಅವರಿಗೂ ಮನಸ್ಸಿನಲ್ಲಿ ಏನೋ ಇತ್ತು ಎಂದು ಈಗ ಅನಿಸುತ್ತದೆ.

"ಬೇಕಾದ್ರ ನೀವೂ ಒಮ್ಮೆ ಹೊಟ್ಟಿ ನೋಡ್ರಿ, ಗೋವಿಂದರಾವ್."

"ಛೆ ಛೆ! ನೀವು ನೋಡಿದ ಮ್ಯಾಲ ನಾ ಏನ ನೋಡೋದು?"

"ಹಂಗಲ್ಲ, ಎರಡ ಕೈ ಆದ್ರ ಛಲೋನ. ನೋಡ್ರಿ."

"ಬ್ಯಾಡ್ರಿ. ನೀವು ಹಿರಿಯರು. ನಿಮ್ಮ ಕೈಗುಣ ಎಲ್ಲರಿಗೂ ಗೊತ್ತದ."

ಎರಡು ಸಲ ಆಗಿತ್ತು. ಮೂರನೆಯ ಸಲ ಕೇಳಿದರೆ ಏಳಬೇಕೆಂದು ನಾನು ಪಂಚೆಯ ತುದಿ ಸರಿಮಾಡಿಕೊಂಡು ಕೂತಿದ್ದೆ. ನಿಜವಾಗಿ ಕೂತಿದ್ದೆ. ಅಷ್ಟರಲ್ಲಿ ವೆಂಕಟರಾಯರು, "ಡಾಕ್ಟರ, ಚಹಾ ಆರ್ತದ, ತಗೋರಿ" ಎಂದರು. ಭೀಮರಾಯರು ಬಟ್ಟಲು ತೆಗೆದುಕೊಂಡರು. ಮಾತು ಮುನಿಸಿಪಾಲಿಟಿಯ ನಳದ ಕಡೆಗೆ ಹೋಯಿತು. ಅವಲಕ್ಕಿಗೆ ನನ್ನನ್ನು ಮೂರು ಸಲ ಕೇಳಿದ್ದರು. ಮಗಳ ಹೊಟ್ಟೆಗೆ ಎರಡೇ ಸಲ.

ಹೊರಡುವಾಗ ಧೈರ್ಯ ಮಾಡಿ ಒಂದು ಮಾತು ಹೇಳಿದೆ. ಅದನ್ನು ಧೈರ್ಯ ಎನ್ನುವುದಕ್ಕೆ ನಾಚಿಕೆಯಾಗುತ್ತದೆ. "ನಾಳೆ, ಅನಿಸಿದ್ರ, ಸರಕಾರಿ ದವಾಖಾನ್ಯಾಗೂ ಒಮ್ಮೆ ತೋರಿಸಿದ್ರ..."

"ಅವಶ್ಯ! ಬೇಕಾದ್ರ ತೋರಸೂಣ. ಎರಡ ದಿನ ನೋಡೂಣ," ಎಂದರು ಭೀಮರಾಯರು.

"ಹೌದ್ರಿ, ನೋಡೂಣ."

ಗಾಡಿಯಲ್ಲಿ ಕೂತಾಗ ಮಳೆ ಹೆಚ್ಚಾಗಿತ್ತು. ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲೇ ಕೇಳಿದಳು.

"ಹೊಟ್ಟಿ ಒತ್ತಿ ನೋಡಿದ್ರಿ?"

"ನೋಡಿದೆ. ಗಾಬರಿ ಏನಿಲ್ಲ."

ಅವಳು ನಿಟ್ಟುಸಿರು ಬಿಟ್ಟು ಮೂಲೆಗೆ ಹೋಗಿ ಕೂತಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಅವಳಿಗೆ ಸಣ್ಣಪುಟ್ಟ ಸುಳ್ಳು ಹೇಳಿದ್ದುಂಟು. ಇಂಥದು ಇದೊಂದೇ.

ಮರುದಿನ ಮಧ್ಯಾಹ್ನ ಬೀಗರು ಮನೆಯ ಆಳನ್ನೇ ಕಳಿಸಿದ್ದರು. ಅವನು ನಗುತ್ತ ಬಂದ. "ಖುಷಿ ಸುದ್ದಿ ತಂದೇನ್ರಿ! ಸಣ್ಣಬಾಯಾರ ಹೊಟ್ಟಿನೂವು ಒಮ್ಮಿಗಲೇ ನಿಂತೈತಿ. ಮುಂಜಾನಿಂದ ನೂವಿಲ್ಲ. ದೊಡ್ಡಬಾಯಾರು ದೇವರಿಗೆ ತುಪ್ಪದ ದೀಪಾ ಹಚ್ಯಾರ."

ಇಂಥ ನೋವು ಒಮ್ಮೆಲೇ ನಿಂತಿತು ಎಂದರೆ ಬಾತ ಕರುಳು ಒಳಗೆ ಒಡೆಯಿತು ಎಂದರ್ಥ. ಸ್ವಲ್ಪ ಹೊತ್ತು ರೋಗಿಗೆ ಹಗುರ ಎನಿಸುತ್ತದೆ. ಎದ್ದು ಕೂಡುತ್ತಾನೆ, ನೀರು ಬೇಡುತ್ತಾನೆ, ಮನೆಯವರು ದೀಪ ಹಚ್ಚುತ್ತಾರೆ.

ಆಗ ಬ್ಯಾಗು ಹಿಡಿದುಕೊಂಡೆ. ಗಾಡಿಗೆ ಕಾಯದೆ ಬಾಡಿಗೆಯ ಮೋಟಾರು ಮಾಡಿಕೊಂಡು ರಾಯಾಪುರದ ದಾರಿಯಲ್ಲಿ ಧಾರವಾಡಕ್ಕೆ ಹೋದೆ. ಯಾರನ್ನೂ ಕೇಳದೆ ಒಳಗಿನ ಕೋಣೆಗೆ ನಡೆದು ಕೌದಿ ಸರಿಸಿ ಕೈ ಇಟ್ಟೆ. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಬೀಗತಿ, "ಅಯ್ಯ, ಏನ್ರಿ ಇದು, ಕೇಳದ..." ಎಂದರು. ಅವರ ಮೇಲೆ ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಆ ಕೂಗು ಒಂದು ದಿನ ತಡವಾಗಿತ್ತು.

ಸರಕಾರಿ ದವಾಖಾನೆಯಲ್ಲಿ ಅದೇ ಸಂಜೆ ಕೊಯ್ದರು. ದೊಡ್ಡ ಡಾಕ್ಟರರು ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಕೇಳಿದರು, "ನಿನ್ನೆ ಯಾಕ ತರಲಿಲ್ಲ?" ಈ ಮಾತನ್ನು ನಾನು ನನ್ನ ದವಾಖಾನೆಯಲ್ಲಿ ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಮಂದಿ ನೆಲ ನೋಡುತ್ತ ನಿಲ್ಲುತ್ತಿದ್ದರು. ಅವರು ಯಾಕೆ ನೆಲ ನೋಡುತ್ತಾರೆ, ಬಾಯಿ ಬಿಟ್ಟು ಹೇಳಲಿಕ್ಕೇನು ಎಂದು ಸಿಟ್ಟು ಬರುತ್ತಿತ್ತು. ಅಂದು ನಾನೂ ನೆಲ ನೋಡಿದೆ. ಅಲ್ಲಿ ಕರಿಕಲ್ಲು ಹಾಸಿದ್ದರು.

ಮೂರನೆಯ ದಿನ ಸುಶೀಲಾ ಹೋದಳು. ಹತ್ತೊಂಬತ್ತು ವರ್ಷ. ಕೊನೆಯ ದಿನ ಕೂಡ, ಬಾಯಿ ಒಣಗಿದ್ದರೂ, ನೋಡಲು ಬಂದವರಿಗೆ ಆರಾಮ ಇದ್ದೇನೆ ಎಂದು ಹೇಳುತ್ತಿದ್ದಳು. ಅದನ್ನು ಕೇಳಿ ಬಂದವರು, "ಎಂಥಾ ಶಾಣ್ಯಾ ಹುಡುಗಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರನ್ನೆಲ್ಲ ಎಳೆದು ಹೊರಗೆ ಹಾಕಬೇಕೆನಿಸಿತು. ಹಾಕಲಿಲ್ಲ. ಕೂಡಲು ಚಾಪೆ ಕೊಟ್ಟೆ.

ಹದಿನಾಲ್ಕನೆಯ ದಿನ ಭೀಮರಾಯರು ಮಾತಾಡಿಸಲು ಹುಬ್ಬಳ್ಳಿಗೆ ಬಂದರು. ಮುದುಕರು ಮತ್ತಷ್ಟು ಮುದುಕರಾಗಿದ್ದರು. ಕೊಡೆಯ ಹಿಡಿಕೆ ತಿರುಗಿಸುತ್ತ, "ಕೈಮೀರಿ ಹೋತು, ಗೋವಿಂದರಾವ್" ಎಂದರು.

ಕೈಮೀರಿ ಹೋಗಲಿಲ್ಲ ರಾಯರೇ, ಕೈ ಹತ್ತಿರವೇ ಹೋಗಲಿಲ್ಲ, ಎನ್ನಬೇಕೆಂದು ಬಾಯಿ ತೆರೆದೆ. ಬಂದ ಮಾತು, "ಚಹಾ ತಗೋರಿ." ಅವರು ಬೇಡ ಎಂದರು. ಮತ್ತೆ ಕೇಳಿದೆ, ಬೇಡ ಎಂದರು. ಮೂರನೆಯ ಸಲ ಕೇಳಿದೆ. ಕುಡಿದರು. ಆ ಮುದುಕರು ಈಗಿಲ್ಲ. ಅವರ ಮೇಲೆ ನನಗೆ ಸಿಟ್ಟಿದೆ. ಉಂಡಿಯ ಮೇಲೆ ಅವರು ಮಾಡಿದ ಚೇಷ್ಟೆಯ ಮೇಲೆ ಸಿಟ್ಟಿದೆ. ದೀಪ ಹಚ್ಚಿದ ಬೀಗತಿಯ ಮೇಲೆ ಸಿಟ್ಟಿದೆ. ಆದರೆ ಇವರಾರಿಗೂ ಆ ಮಡಚಿದ ಕಾಲಿನ ಅರ್ಥ ನನ್ನಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ. ಹೀಗಾಗಿ ಈ ಸಿಟ್ಟು ಊರೆಲ್ಲ ತಿರುಗಾಡಿ ಮತ್ತೆ ನನ್ನ ಹತ್ತಿರವೇ ಬಂದು ಕೂಡುತ್ತದೆ.

ಅಂದಿನಿಂದ ನನಗೊಂದು ಚಟ ಹತ್ತಿದೆ. ಯಾವ ರೋಗಿ ಬಂದರೂ, ಯಾವ ರೋಗವೆಂದರೂ, ಮೊದಲು ಹೊಟ್ಟೆಯ ಮೇಲೆ ಕೈ ಇಡುತ್ತೇನೆ. ಹಲ್ಲುನೋವಿನವರದೂ ಒತ್ತಿ ನೋಡುತ್ತೇನೆ. ಗುರುಸಿದ್ದಪ್ಪ ಒಮ್ಮೆ ಹೊರಗೆ ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು: "ಹೋಗ್ರಿ ಒಳಗ. ಕಣ್ಣ ಬ್ಯಾನಿ ಆದ್ರೇನಾತು? ಅಂಗಿ ಎತ್ತಕೊಂಡ ಹೋಗ್ರಿ, ನಮ್ಮ ಸಾಹೇಬ್ರು ಹೊಟ್ಟಿಯಾಗಿಂದನ ಕಣ್ಣು ನೋಡ್ತಾರ." ಹಿಂದೆ ನನ್ನನ್ನು ಶಾಣ್ಯಾ ಡಾಕ್ಟರು ಎನ್ನುತ್ತಿದ್ದ ಓಣಿ ಈಗ ಹೊಟ್ಟಿ ಡಾಕ್ಟರು ಎನ್ನುತ್ತದೆ. ಅನ್ನಲಿ. ಕೆಲವು ಮನೆಯವರು ಮುನಿಸಿಕೊಂಡು ಬೇರೆ ಡಾಕ್ಟರರ ಹತ್ತಿರ ಹೋದರು. ಹೋಗಲಿ. ಬೇರೆಯವರ ರೋಗಿಗಳನ್ನೂ ನಾನು ಈಗ ಕೇಳದೆ ಮುಟ್ಟುತ್ತೇನೆ. ಎರಡು ಸಲ ಜಗಳವಾಗಿದೆ. ಒಬ್ಬ ಡಾಕ್ಟರರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆ ರೋಗಿಗಳು ನಡೆದಾಡುತ್ತಿದ್ದಾರೆ.

ನನ್ನ ಹೆಂಡತಿ ಮಾತ್ರ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ಸ್ವಂತ ಅಪ್ಪನೇ ಮುಟ್ಟಿ ನೋಡಿ ಬಂದಿದ್ರು. ಅಷ್ಟಾದ್ರೂ ಉಳೀಲಿಲ್ಲ. ದೈವ." ಅದೇ ಅವಳಿಗಿದ್ದ ಸಮಾಧಾನ. ನಾನು ಪಕ್ಕದಲ್ಲೇ ಕೂತು ಅದನ್ನು ಕೇಳುತ್ತಿದ್ದೆ. ಒಂದು ವರ್ಷ, ಎರಡು ವರ್ಷ, ಏಳು ವರ್ಷ.

ಹೋದ ತಿಂಗಳು ಒಂದು ಬೆಳಿಗ್ಗೆ ಅವಳಿಗೇ ಹೊಟ್ಟೆನೋವು ಬಂತು. ಬಿಡುವುದುಂಟೇ? ಚಾಪೆಯ ಮೇಲೆ ಮಲಗಿಸಿ, ಮೊಳಕಾಲು ಮಡಚಲು ಹೇಳಿ, ಬಲಗಡೆಗೆ ಕೆಳಗೆ ನಾಲ್ಕು ಬೆರಳು ಇಟ್ಟು ಮೆಲ್ಲಗೆ ಒತ್ತಿದೆ. "ಇಲ್ಲಿ ನೋಯ್ತದೇನು? ಕೈ ತಗದಾಗ ಹೆಚ್ಚಾಗ್ತದೇನು?" ಎಂದು ಕೇಳಿದೆ. ಇನ್ನೊಮ್ಮೆ ಒತ್ತಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ಖರೇ ಹೇಳ್ರಿ," ಎಂದಳು. "ಸುಶೀದೂ ಹಿಂಗ ಒತ್ತಿ ನೋಡಿದ್ರೇನು?"

ಹೊರಗೆ ಓಣಿಯಲ್ಲಿ ಮೊಸರು ಮಾರುವವಳು ಕೂಗುತ್ತಿದ್ದಳು. ಮೊಸರಿನವಳು ನಮ್ಮ ಬಾಗಿಲು ದಾಟಿ ಹೋದಳು.

"ಇಲ್ಲ."

"ಮುಟ್ಟಲೇ ಇಲ್ಲ?"

"ಇಲ್ಲ. ಬಾಗಿಲದಾಗ ನಿಂತು ಬಂದೆ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಬೇಕಾಗಿತ್ತು. ನನ್ನ ಕೈಯನ್ನು ಹೊಟ್ಟೆಯ ಮೇಲಿಂದ ತೆಗೆದು ಚಾಪೆಯ ಮೇಲೆ ಇಟ್ಟಳು. ಸೀರೆ ಸರಿಮಾಡಿಕೊಂಡು ಎದ್ದು ಕೂತಳು.

"ನಾ ಹೋಗಿದ್ರ ಮುಟ್ಟತಿದ್ದೆ. ನನಗೇನ ತಿಳೀತಿತ್ತು, ಏನೂ ತಿಳೀತಿದ್ದಿಲ್ಲ. ಆದ್ರ ಮುಟ್ಟತಿದ್ದೆ. ಅಕಿ ನನ್ನ ಮುಂದ 'ಇಲ್ಲೇ ನೋಯ್ತದವ್ವಾ' ಅಂತಿದ್ಲು."

ಅವಳ ನೋವು ಬರೀ ವಾಯುವಿನದು. ಸಂಜೆಗೆ ಇಳಿಯಿತು. ಆ ಮಾತು ಮತ್ತೆ ನಮ್ಮಲ್ಲಿ ಬಂದಿಲ್ಲ. ಬಂದವರ ಮುಂದೆ ಅಪ್ಪನೇ ಮುಟ್ಟಿ ನೋಡಿದ್ದರು ಎಂದು ಅವಳು ಈಗ ಹೇಳುವುದಿಲ್ಲ. ದೈವ ಎಂದೂ ಹೇಳುವುದಿಲ್ಲ. ಅವಳಿಗಿದ್ದ ಒಂದು ಸಮಾಧಾನವನ್ನೂ ನಾನು ತೆಗೆದುಕೊಂಡೆ. ಅದರ ಬದಲು ಕೊಡಲು ನನ್ನ ಹತ್ತಿರ ಏನೂ ಇಲ್ಲ. ಸುಶೀಲಾ ಇಲ್ಲ.